ನಿಂತ ಕುದುರೆಯೆಲ್ಲ ಒಪ್ಪಿದ ಕುದುರೆಯಲ್ಲ: ಎಳೆಯ ಐಬೀರಿಯನ್ ಕುದುರೆಗೆ ಮೊದಲ ಜೀನು

ಮೂರೂವರೆ ವರ್ಷದ ಗಂಡು ಕುದುರೆ. ಬೆನ್ನಿನ ಮೇಲೆ ಮೊದಲ ಸಲ ಜೀನು ಕೂತಿದೆ. ಕಿವಿ ಕೂಡ ಆಡಿಸುತ್ತಿಲ್ಲ. ಹೊಟ್ಟೆಪಟ್ಟಿ ಬಿಗಿದರೂ ಕದಲಲಿಲ್ಲ. "ಎಂಥ ಸಾಧು ಪ್ರಾಣಿ" ಅಂತ ಬೇಲಿ ಹಿಡಿದು ನಿಂತವರು ಮೆಚ್ಚಿಕೊಳ್ಳುತ್ತಾರೆ. ಹಗ್ಗ ಹಿಡಿದವರು ಒಂದು ಹೆಜ್ಜೆ ಮುಂದಕ್ಕೆ ಕರೆಯುತ್ತಾರೆ. ಆ ಹೆಜ್ಜೆ ಇಡುವಾಗ ಎದೆಯ ಕೆಳಗೆ ಪಟ್ಟಿ ಒತ್ತುತ್ತದೆ, ಮರುಕ್ಷಣ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ತಲೆ ಮೊಣಕಾಲ ನಡುವೆ, ಬೆನ್ನು ಬಿಲ್ಲು, ಜೀನಿನ ರೆಕ್ಕೆ ಪಟಪಟ ಬಡಿಯುವ ಸದ್ದಿಗೆ ಇನ್ನಷ್ಟು ಗಾಬರಿ. "ಇದ್ದಕ್ಕಿದ್ದ ಹಾಗೆ ಏನಾಯ್ತು ಇದಕ್ಕೆ?" ಅನ್ನುತ್ತಾರೆ ಅದೇ ಜನ.

ಇದ್ದಕ್ಕಿದ್ದ ಹಾಗೆ ಏನೂ ಆಗಿರುವುದಿಲ್ಲ. ಕುದುರೆ ಹತ್ತು ನಿಮಿಷದಿಂದ ಉಸಿರು ಬಿಗಿಹಿಡಿದು ನಿಂತಿತ್ತು, ಯಾರೂ ಗಮನಿಸಲಿಲ್ಲ ಅಷ್ಟೆ. ಐಬೀರಿಯನ್, ಅಂದರೆ ಸ್ಪೇನ್ ಮತ್ತು ಪೋರ್ಚುಗಲ್‌ನ, ಸೂಕ್ಷ್ಮ ಸ್ವಭಾವದ ಕುದುರೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಬಹುದು. ಭಯ ಬಂದಾಗ ಓಡುವ ದಾರಿ ಕಾಣದಿದ್ದರೆ ಅವು ಮರಗಟ್ಟಿ ನಿಲ್ಲುತ್ತವೆ. ಮನುಷ್ಯ ಅದನ್ನು ವಿಧೇಯತೆ ಅಂತ ಓದಿಕೊಳ್ಳುತ್ತಾನೆ. ಸವಾರಿಗೆ ಪಳಗಿಸುವ ಮೊದಲ ಮೂರು ತಿಂಗಳ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಓದನ್ನು ಸರಿ ಮಾಡಿಕೊಳ್ಳುವುದರಲ್ಲೇ ಇದೆ.

ಮೊದಲು ಯಾವ ಕುದುರೆಗಳ ಮಾತು ಅಂತ ಹೇಳಿಬಿಡೋಣ. ಸ್ಪೇನ್‌ನ ಪುರಾ ರಾಸಾ ಎಸ್ಪಾನ್ಯೋಲಾ, ಅಂದರೆ ಹೊರಗಿನವರು ಆಂಡಲೂಸಿಯನ್ ಅನ್ನುವ ತಳಿ, ಮತ್ತು ಪೋರ್ಚುಗಲ್‌ನ ಲುಸಿಟಾನೊ. ಇವೆರಡೂ ದಾಯಾದಿಗಳು, ವಂಶಾವಳಿ ಪುಸ್ತಕಗಳು ಬೇರೆಯಾಗಿದ್ದು 1960ರ ದಶಕದಲ್ಲಿ. ಪೋರ್ಚುಗೀಸರು, ಕುದುರೆ ಅಂದ ತಕ್ಷಣ ನಮ್ಮವರಿಗೆ ಗೋವಾ ಮತ್ತು ವಿಜಯನಗರ ನೆನಪಾಗುತ್ತದೆ. ಆದರೆ ಅವರು ರಾಯರಿಗೆ ಮಾರಿದ್ದು ಹೋರ್ಮುಜ್ ಕಡೆಯಿಂದ ಹಡಗಿನಲ್ಲಿ ಬಂದ ಅರಬ್ಬಿ, ಪರ್ಶಿಯನ್ ಕುದುರೆಗಳನ್ನು. ತಮ್ಮ ನಾಡಿನ ತಳಿಯನ್ನಲ್ಲ. ಆ ತಳಿ ಬೆಳೆದದ್ದು ಪೋರ್ಚುಗಲ್‌ನ ಅಲೆಂತೇಜು, ಸ್ಪೇನ್‌ನ ಆಂಡಲೂಸಿಯಾದ ಓಕ್ ಮರಗಳ ಹುಲ್ಲುಗಾವಲಿನಲ್ಲಿ. ಪೋರ್ಚುಗಲ್‌ನ ಆಲ್ಟೆರ್ ದೊ ಶಾವ್ ಊರಿನ ರಾಜಮನೆತನದ ಕುದುರೆ ಸಾಕಣೆ ಕೇಂದ್ರ ಶುರುವಾದದ್ದೇ 1748ರಲ್ಲಿ. ಗೂಳಿಯ ಎದುರು ಕುದುರೆ ಮೇಲೆ ಕೂತು ಆಡುವ ಕಾಳಗ, ದನ ಅಟ್ಟುವ ಕೆಲಸ, ಅರಮನೆಯ ಸವಾರಿ ಶಾಲೆ ಇವಕ್ಕಾಗಿ ತಲೆಮಾರುಗಟ್ಟಲೆ ಆರಿಸಿದ ಕುದುರೆ ಇದು. ಗೂಳಿ ಕೊಂಬು ತಿರುಗಿಸುವ ಮೊದಲೇ ಜಾರಿಕೊಳ್ಳಬೇಕಾದ ಪ್ರಾಣಿಗೆ ಮಂದ ಚರ್ಮ ಇದ್ದರೆ ಆಗುತ್ತದೆಯೇ? ಸವಾರನ ಮೀನಖಂಡ ಸೋಕಿದ್ದಕ್ಕೆ ಬೆಚ್ಚುವ ಗುಣವನ್ನು ದೋಷ ಅಂತ ಬಯ್ಯುವವರು ಇದನ್ನು ಮರೆಯುತ್ತಾರೆ.

ವಯಸ್ಸಿನ ವಿಷಯ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್ ನೋಡಿ ಬೆಳೆದ ಕಣ್ಣಿಗೆ ಎರಡು ವರ್ಷಕ್ಕೆ ಓಡುವ ಥರೋಬ್ರೆಡ್ ಮಾಮೂಲಿ. ಐಬೀರಿಯನ್ ಕುದುರೆ ನಿಧಾನಕ್ಕೆ ಬಲಿಯುತ್ತದೆ. ಮುಂಗಾಲಿನ ಮಂಡಿಯ ಮೇಲಿನ ಮೂಳೆಯ ಬೆಳವಣಿಗೆಯ ತುದಿ ಎರಡೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಬೆನ್ನುಮೂಳೆಯ ತುಂಡುಗಳದ್ದು ಐದೂವರೆ ಆರು ವರ್ಷದವರೆಗೂ ಎಳೆಯದಾಗಿಯೇ ಇರುತ್ತದೆ. ಹಾಗಾಗಿ ಜೀನಿನ ಪರಿಚಯ ಮೂರು, ಮೂರೂವರೆಗೆ, ಸವಾರನ ಭಾರ ಮೂರೂವರೆಯಿಂದ ನಾಲ್ಕಕ್ಕೆ ಅನ್ನುವುದು ಒಳ್ಳೆಯ ಲೆಕ್ಕ. ಭಾರ ಅಂದರೆ ಎಷ್ಟು? ಕುದುರೆಯ ತೂಕದ 15 ಶೇಕಡಾ ದಾಟದಿದ್ದರೆ ಕ್ಷೇಮ. 450 ಕೆ.ಜಿ. ಕುದುರೆಗೆ 67 ಕೆ.ಜಿ. ಆಯಿತು, ಅದರಲ್ಲಿ 7 ಕೆ.ಜಿ. ಜೀನಿಗೇ ಹೋಯಿತು. ಹಗುರ ಸವಾರ ಬೇಕು, ಅದಕ್ಕಿಂತ ಮುಖ್ಯವಾಗಿ ಅಲುಗದೆ ಕೂರುವ ಸವಾರ ಬೇಕು. ಸ್ಪೇನ್‌ನ ದನಗಾಹಿ ಜೀನು ನೋಡಲು ಚೆಂದ, ಕೂರಲು ಸುಖ, ಆದರೆ ಮೊದಲ ಸವಾರಿಗೆ ತೀರಾ ಭಾರ. ಅದು ಆಮೇಲೆ.

ಬಾಯಿಯದು ಇನ್ನೊಂದು ಕಥೆ. ಎರಡೂವರೆಯಿಂದ ನಾಲ್ಕೂವರೆವರೆಗೆ ಹಾಲುಹಲ್ಲು ಉದುರುತ್ತಲೇ ಇರುತ್ತವೆ, ದವಡೆಯಲ್ಲೂ ಸಹ. ಜೊತೆಗೆ ಕೆಲವಕ್ಕೆ ಮೊದಲ ದವಡೆ ಹಲ್ಲಿನ ಮುಂದೆ ಪುಟ್ಟ ಮೊಳೆಯಂಥ ಹಲ್ಲು ಬಂದಿರುತ್ತದೆ. ಕಡಿವಾಣ ಅದಕ್ಕೆ ತಾಗಿದರೆ ತಲೆ ಎಸೆಯುತ್ತದೆ. ಹಲ್ಲಿನ ಪರೀಕ್ಷೆ ಆಗದೆ ಬಾಯಿಗೆ ಕಬ್ಬಿಣ ಹಾಕಲೇಬಾರದು. ಬಾಯಿ ಚಿಕ್ಕದು, ನಾಲಿಗೆ ದಪ್ಪ, ಹೀಗಾಗಿ "ದಪ್ಪ ಕಡಿವಾಣ ಮೃದು" ಅನ್ನುವ ಹಳೆಯ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. 14ರಿಂದ 16 ಮಿ.ಮೀ. ದಪ್ಪದ, ಎರಡು ಕೀಲಿನ ಸಾದಾ ಸ್ನಾಫಲ್ ಕಡಿವಾಣ ಸಾಕು. ಅಗಲ ಬಹುಪಾಲು 12.5 ಸೆಂ.ಮೀ. ಆಸುಪಾಸು, ಅಳೆದೇ ತರಬೇಕು.

ಮೇವನ್ನೂ ನೋಡಿ. ದಿನವಿಡೀ ಲಾಯದಲ್ಲಿ ಕಟ್ಟಿ, ಬಾರ್ಲಿ ಓಟ್ಸ್ ಸುರಿದು, "ತುಂಬ ಚುರುಕು" ಅಂತ ದೂರುವುದು ಅಲ್ಲಿಯೂ ಇರುವ ರೋಗವೇ. ಒಣಹುಲ್ಲು ದಿನಕ್ಕೆ ಮೈತೂಕದ ಒಂದೂವರೆಯಿಂದ ಎರಡು ಶೇಕಡಾ, ಅಂದರೆ 7ರಿಂದ 9 ಕೆ.ಜಿ.; ಕಾಳು ಕಡಿಮೆ; ದಿನಕ್ಕೆ ಕೆಲವು ಗಂಟೆಯಾದರೂ ಜೊತೆಗಾರರೊಂದಿಗೆ ಬಯಲು. ಕೆಲಸಕ್ಕೆ ಅರ್ಧ ಗಂಟೆ ಮುಂಚೆ ಎರಡು ಹಿಡಿ ಹುಲ್ಲು ತಿನ್ನಿಸಿದರೆ ಹೊಟ್ಟೆಯ ಆಮ್ಲ ಮೇಲಕ್ಕೆ ಚಿಮ್ಮುವುದು ತಗ್ಗುತ್ತದೆ. ಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಗಳಲ್ಲಿ ಎಷ್ಟೋ ಹೊಟ್ಟೆಹುಣ್ಣಿನಿಂದ ನರಳುತ್ತಿರುತ್ತವೆ, ಹಟದಿಂದಲ್ಲ. ರಕ್ತ ಹೀರುವ ಉಣ್ಣಿಯಿಂದ ಹರಡುವ ಪೈರೋಪ್ಲಾಸ್ಮೋಸಿಸ್ ಅನ್ನುವ ಜ್ವರ ಆ ನಾಡಿನಲ್ಲಿ ಮಾಮೂಲಿ. ನಿನ್ನೆ ಚುರುಕಾಗಿದ್ದದ್ದು ಇಂದು ಕಾಲೆಳೆದರೆ ಚಾವಟಿ ತೆಗೆಯುವ ಮೊದಲು ಜ್ವರ ನೋಡಬೇಕು. ಇನ್ನು ಕಾಲಮಾನ: ಆಂಡಲೂಸಿಯಾದ ಬೇಸಿಗೆ 40 ಡಿಗ್ರಿ ದಾಟುತ್ತದೆ, ನೊಣ ಬೇರೆ. ಸೆಪ್ಟೆಂಬರ್ ಕೊನೆಗೆ ಶುರು ಮಾಡುವುದು ಜಾಣತನ. ಆದರೆ ನವೆಂಬರ್ ಬಂತೆಂದರೆ ಪೋರ್ಚುಗಲ್‌ನ ಗೊಲೆಗಾದಲ್ಲಿ ಕುದುರೆ ಜಾತ್ರೆ, ಸ್ಪೇನ್‌ನ ಸೆವಿಲ್ಲಾದಲ್ಲಿ ಕುದುರೆ ಪ್ರದರ್ಶನ. ಅಷ್ಟರೊಳಗೆ ಸವಾರನನ್ನು ಹೊತ್ತು ಟ್ರಾಟ್ (ನಡಿಗೆಗಿಂತ ಚುರುಕಾದ ಕುಲುಕು ಓಟ) ಮಾಡಿ ತೋರಿಸಿಬಿಡಬೇಕು ಅನ್ನುವ ಆತುರ ಬಹಳ ಕುದುರೆಗಳ ಬೆನ್ನು ಕೆಡಿಸಿದೆ. ಆರೇಳು ವಾರಕ್ಕೆ ಮುಗಿಸಿದ ಕೆಲಸವನ್ನು ಕೊಂಡವರು ಆರೇಳು ತಿಂಗಳು ಬಿಚ್ಚುತ್ತಾ ಕೂರುತ್ತಾರೆ.

ಈಗ ಮೈ ಓದುವುದು. ನೆಮ್ಮದಿಯಿಂದ ನಿಂತ ಕುದುರೆ ಪೂರ್ತಿ ಸ್ತಬ್ಧವಾಗಿರುವುದಿಲ್ಲ. ಒಂದು ಕಿವಿ ನಿಮ್ಮ ಕಡೆ, ಒಂದು ಪಕ್ಕದ ಹಕ್ಕಿಯ ಕಡೆ. ಆಗಾಗ ಕಣ್ಣು ಮಿಟುಕಿಸುತ್ತದೆ, ಹಿಂಗಾಲು ಬದಲಿಸುತ್ತದೆ, ಪಕ್ಕೆ ಉಬ್ಬಿ ಇಳಿಯುವುದು ಕಾಣುತ್ತದೆ, ಬಾಲ ಬಡಿದರೂ ಅದು ನೊಣಕ್ಕೆ. ಮರಗಟ್ಟಿದ ಕುದುರೆಯಲ್ಲಿ ಇವು ಒಂದೊಂದಾಗಿ ನಿಲ್ಲುತ್ತವೆ. ಮೊದಲು ಕಣ್ಣು ಮಿಟುಕುವುದು ನಿಲ್ಲುತ್ತದೆ, ರೆಪ್ಪೆಯ ಮೇಲೆ ಸಣ್ಣ ಸುಕ್ಕು ಏಳುತ್ತದೆ. ಕೆಳತುಟಿಯ ಹಿಂದಿನ ಗದ್ದ ಅಡಿಕೆಯಂತೆ ಗಟ್ಟಿಯಾಗುತ್ತದೆ. ಬಾಲ ಕಾಲ ಸಂದಿಗೆ ಒತ್ತಿಕೊಳ್ಳುತ್ತದೆ. ನಾಲ್ಕೂ ಕಾಲಿನ ಮೇಲೆ ಭಾರ ಸಮ, ಯಾವುದೂ ಸಡಿಲವಿಲ್ಲ. ಎರಡು ಬೆರಳಿನಲ್ಲಿ ಬಾಲದ ಬುಡ ಎತ್ತಿ ನೋಡಿ. ಮೇಲೇಳದಿದ್ದರೆ ಇಂದು ಜೀನಿನ ಮಾತೇ ಬೇಡ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರಬೇಕಾದ ಎದೆಬಡಿತ ಕಾಲು ಕದಲಿಸದೆಯೇ ನೂರು ದಾಟಿರಬಹುದು. ಕುದುರೆಯ ಎಡ ಮುಂಗಾಲಿನ ಮೊಣಕೈ ಹಿಂದೆ ಅಂಗೈ ಇಟ್ಟರೆ ಗೊತ್ತಾಗುತ್ತದೆ.

ಬಾಯಿ ಚಪ್ಪರಿಸುವುದರ ಬಗ್ಗೆ ಒಂದು ಮಾತು. "ಚಪ್ಪರಿಸಿತು, ಕಲಿತುಕೊಂಡಿತು" ಅನ್ನುವುದು ಎಲ್ಲ ಲಾಯಗಳಲ್ಲೂ ಕೇಳಸಿಗುವ ಮಾತು. ಹೆದರಿಕೆಯಲ್ಲಿ ಬಾಯಿ ಒಣಗಿರುತ್ತದೆ, ಬಿಗಿ ಇಳಿದಾಗ ಜೊಲ್ಲು ಮತ್ತೆ ಬರುತ್ತದೆ, ಅದಕ್ಕೆ ಚಪ್ಪರಿಸುತ್ತದೆ. ಅಂದರೆ ಈಗಷ್ಟೇ ಬಿಗಿ ಇತ್ತು ಅನ್ನುವ ಸುದ್ದಿ ಅದು. ಒಂದು ಪಾಠದಲ್ಲಿ ಹತ್ತು ಸಲ ಚಪ್ಪರಿಸಿದರೆ ಹತ್ತು ಸಲ ಹೆದರಿಸಿದ್ದೀರಿ.

ಮರಗಟ್ಟಿದಾಗ ಏನು ಮಾಡಬೇಕು? ಮುಂದಕ್ಕೆ ಎಳೆಯಬಾರದು. ಅವಘಡಕ್ಕೆ ನೇರ ದಾರಿ ಅದೇ. ತಲೆಯನ್ನು ಒಂದು ಗೇಣು ಪಕ್ಕಕ್ಕೆ ತಿರುಗಿಸಿ ಮುಂಗಾಲು ಒಂದನ್ನು ಅಡ್ಡ ಇಡಿಸಿ, ಕಾಯಿರಿ. ಕಣ್ಣು ಮಿಟುಕಿದ ಮೇಲೆ ಮತ್ತೊಂದು ಕಾಲು. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿರುವ ಉಬ್ಬಿನ ಮುಂದೆ ಬೆರಳ ತುದಿಯಿಂದ ಕೆರೆಯಿರಿ; ಕುದುರೆಗಳು ಒಂದನ್ನೊಂದು ಹಲ್ಲಿನಲ್ಲಿ ಕೆರೆದುಕೊಳ್ಳುವ ಜಾಗ ಅದು, ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ. ಕತ್ತಿಗೆ ಪಟಪಟ ಹೊಡೆದು ಶಭಾಷ್ ಅನ್ನುವುದು ಹೊಡೆದವರಿಗೆ ಖುಷಿ ಕೊಡುತ್ತದೆ, ಕುದುರೆಗೆ ಅದು ಹೊಡೆತವೇ. ಗಂಡು ಕುದುರೆಗೆ ಕೈಯಿಂದ ತಿನಿಸು ಕೊಡುವುದಾದರೆ ಅದರ ಎದೆಯ ಮುಂದೆ, ತಗ್ಗಿನಲ್ಲಿ, ನಿಮ್ಮ ಮೈಯಿಂದ ದೂರ ಕೊಡಬೇಕು. ಜೇಬಿನಿಂದ ತೆಗೆದು ಕೊಟ್ಟರೆ ಮೂರನೇ ದಿನ ಜೇಬು ಕಚ್ಚುತ್ತದೆ.

ಸಾಮಾನಿಗೆ ಬಂದರೆ, ಸ್ಪೇನ್‌ನಲ್ಲಿ ತಲೆಮಾರುಗಳಿಂದ ಬಳಸಿದ್ದು ಸೆರೆತಾ. ಮೂಗಿನ ಎಲುಬಿನ ಮೇಲೆ ಕೂರುವ ಬಾಗಿದ ಕಬ್ಬಿಣದ ಪಟ್ಟಿ, ಒಳಗೆ ಗರಗಸದಂಥ ಹಲ್ಲು. ತೊಗಲು ಸುತ್ತಿದ್ದೂ ಇದೆ. ಎಷ್ಟೋ ಹಿರಿಯ ಕುದುರೆಗಳ ಮೂಗಿನ ಮೇಲೆ ಬಿಳಿ ಕೂದಲಿನ ಗೆರೆ ಕಾಣುತ್ತದಲ್ಲ, ಅದರ ಗುರುತು. ಕೈ ಚೆನ್ನಾಗಿದ್ದವರು ಬಳಸಿದರೆ ಗಾಯವಾಗುವುದಿಲ್ಲ ಅನ್ನುವ ವಾದ ಇದೆ. ಸೂಕ್ಷ್ಮ ಎಳೆಗುದುರೆಗೆ ಅದು ಬೇಡವೇ ಬೇಡ ಅನ್ನುವುದು ಇಲ್ಲಿಯ ಪಕ್ಷ: ಮೂಗಿನ ನೋವಿಗೆ ಹೆದರಿ ಗದ್ದವನ್ನು ಎದೆಗೆ ಒತ್ತಿಕೊಳ್ಳುವ ಚಟ ಒಮ್ಮೆ ಅಂಟಿದರೆ ಬಿಡಿಸಲು ವರ್ಷ ಬೇಕು. ದಪ್ಪ ಮೆತ್ತೆಯ ಕ್ಯಾವೆಸನ್, ಅಂದರೆ ಮೂಗಿನ ಮೇಲೆ ಕೂರುವ, ಹಗ್ಗ ಸಿಕ್ಕಿಸಲು ಉಂಗುರಗಳಿರುವ ತಲೆಪಟ್ಟಿ ತನ್ನಿ. ಕೆನ್ನೆಯೆಲುಬಿನ ಏಣು ಮುಗಿಯುವ ಜಾಗದಿಂದ ಎರಡು ಬೆರಳು ಕೆಳಗೆ, ಗಟ್ಟಿ ಎಲುಬಿನ ಮೇಲೆ ಅದು ಕೂರಬೇಕು. ಇನ್ನೂ ಕೆಳಗಿಳಿದರೆ ಮೆದು ಎಲುಬಿಗೆ ಒತ್ತಿ ಉಸಿರು ಕಟ್ಟುತ್ತದೆ. ಮೂಗಿನ ಮೇಲೆ ಎರಡು ಬೆರಳು ತೂರುವಷ್ಟು ಸಡಿಲ, ಆದರೆ ದವಡೆಯ ಪಟ್ಟಿ ಹಿತವಾಗಿ ಬಿಗಿ. ಅದು ಸಡಿಲವಾದರೆ ಕೆನ್ನೆಯ ತೊಗಲು ಜಾರಿ ಹೊರಗಣ್ಣಿಗೆ ಉಜ್ಜುತ್ತದೆ. ಲಂಜ್ ಹಗ್ಗ, ಅಂದರೆ ಕುದುರೆಯನ್ನು ನಮ್ಮ ಸುತ್ತ ನಡೆಸುವ ಉದ್ದ ಹಗ್ಗ, 8 ಮೀಟರ್, ಕೈಗೆ ಗವಸು. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬಾರದು, ಮಡಿಕೆ ಮಾಡಿ ಹಿಡಿಯಬೇಕು. ಇನ್ನು ಕೊರಳಪಟ್ಟಿ. ಅಲ್ಲಿ ಎಳೆಗುದುರೆಗಳ ಜೂಲನ್ನು ಬೋಳಿಸುವ ವಾಡಿಕೆ ಇದೆ, ಸವಾರ ಆತುರಕ್ಕೆ ಹಿಡಿಯಲು ಕೂದಲೇ ಇರುವುದಿಲ್ಲ. ಕೊರಳಪಟ್ಟಿ ಇಲ್ಲದಿದ್ದರೆ ಕೈ ಲಗಾಮಿಗೆ ಹೋಗುತ್ತದೆ, ಮೊದಲ ದಿನವೇ ಬಾಯಿಗೆ ಪೆಟ್ಟು.

ಲಂಜ್ ಕೆಲಸದಲ್ಲಿ ಹೆಚ್ಚು ಹೇಳುವುದಿಲ್ಲ. ಸುತ್ತು 16ರಿಂದ 18 ಮೀಟರ್ ಅಡ್ಡಳತೆ ಇರಲಿ, ಅದಕ್ಕಿಂತ ಚಿಕ್ಕದಾದರೆ ಎಳೆಯ ಕೀಲುಗಳಿಗೆ ಹೊರೆ. ಒಂದೊಂದು ಕಡೆಗೆ ಐದಾರು ನಿಮಿಷ, ಒಟ್ಟು ಪಾಠ 20 ನಿಮಿಷ, ವಾರಕ್ಕೆ ನಾಲ್ಕು ದಿನ. ಮೊದಲು ನಡಿಗೆ. ಬೆದರಿ ಓಡುವುದನ್ನು "ಶಕ್ತಿ ಕರಗಲಿ" ಅಂತ ಓಡಿಸಿದರೆ ಮೈ ಗಟ್ಟಿಯಾಗುತ್ತದೆ, ತಲೆ ಹಾಗೇ ಉಳಿಯುತ್ತದೆ; ಮುಂದಿನ ವಾರ ಇನ್ನೂ ಹತ್ತು ನಿಮಿಷ ಓಡಿಸಬೇಕಾಗುತ್ತದೆ. ಕತ್ತು ತಗ್ಗಿ ಮುಂದಕ್ಕೆ ಚಾಚಿದ ನಾಲ್ಕು ಸುತ್ತು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ. ತಲೆ ಕಟ್ಟುವ ಪಕ್ಕದ ಲಗಾಮುಗಳು ಈ ಹಂತದಲ್ಲಿ ಬೇಡ. ಮೂರು ಮಾತು ಕಲಿಸಿ, ನಡಿಗೆಗೆ ಒಂದು, ಟ್ರಾಟಿಗೆ ಒಂದು, ನಿಲ್ಲಲು ಒಂದು. ಯಾವ ಭಾಷೆಯಾದರೂ ಸರಿ, ದಿನಾ ಅದೇ ರಾಗ ಇರಬೇಕು. ಇವು ಆಮೇಲೆ ಸವಾರಿಯಲ್ಲಿ ಬಂಗಾರ.

ಹೊಟ್ಟೆಪಟ್ಟಿಯ ದಿನಕ್ಕೆ ಬರೋಣ. ನಿಧಾನವಾಗಬೇಕಾದದ್ದು ಇಲ್ಲಿ.

ಜೀನು ಮೊದಲಲ್ಲ, ಬರೀ ಮೆತ್ತನೆಯ ಅಗಲ ಪಟ್ಟಿ. ಅದಕ್ಕೂ ಎರಡು ದಿನ ಮುಂಚೆ ಮೆತ್ತನೆಯ ದಪ್ಪ ಹಗ್ಗವನ್ನು ಎದೆಯ ಸುತ್ತ ಹಾಯಿಸಿ ಎರಡೂ ತುದಿ ಕೈಯಲ್ಲೇ ಹಿಡಿದು, ಒಂದಿಷ್ಟು ಬಿಗಿದು ಬಿಡುವುದು. ಹಗ್ಗ ಕಂಡು ಹಾವೆಂದುಕೊಳ್ಳುವ ಕಥೆ ಮನುಷ್ಯನಿಗೆ ವೇದಾಂತ, ಕುದುರೆಗೆ ದಿನನಿತ್ಯದ ಮಾತು; ಹೊಟ್ಟೆಗೆ ಸುತ್ತಿಕೊಂಡದ್ದು ಹಿಂಸ್ರ ಪ್ರಾಣಿಯೂ ಆಗಿರಬಹುದು. ಹಗ್ಗ ಬಿಗಿಯಾದಾಗ ಒಂದು ಹೆಜ್ಜೆ ನಡೆಸಿ, ಹೆಜ್ಜೆ ಇಟ್ಟ ಕ್ಷಣ ಸಡಿಲಿಸಿ. ಬಿಗಿ ಬಂದರೆ ನಡೆದು ಬಿಡಿಸಿಕೊಳ್ಳಬಹುದು ಅನ್ನುವುದು ಮೈಗೆ ಹತ್ತಬೇಕು. ಎಡದಿಂದ ಆದದ್ದನ್ನು ಬಲದಿಂದಲೂ ಮಾಡಿ. ಕುದುರೆಯ ಕಣ್ಣು ಎರಡು ಪಕ್ಕದಲ್ಲಿವೆ, ಒಂದು ಕಡೆ ಒಗ್ಗಿದ ವಸ್ತು ಇನ್ನೊಂದು ಕಡೆಯಿಂದ ಹೊಸ ವಸ್ತುವಾಗಿ ಕಾಣಬಹುದು.

ಪಟ್ಟಿ ಹಾಕುವಾಗ ಕುದುರೆಯನ್ನು ಕಂಬಕ್ಕೆ ಕಟ್ಟಬಾರದು. ಹಿಂದಕ್ಕೆ ಎಳೆದು ಸಿಕ್ಕಿಕೊಂಡರೆ ಕತ್ತಿನ ಮೂಳೆಗೇ ಆಪತ್ತು. ಮರಳಿನ ಅಂಗಳದಲ್ಲಿ, ಹಗ್ಗ ಹಿಡಿದವರೊಬ್ಬರು, ಪಟ್ಟಿ ಹಾಕುವವರೊಬ್ಬರು, ಇಬ್ಬರೂ ಒಂದೇ ಪಕ್ಕದಲ್ಲಿ ನಿಲ್ಲಬೇಕು. ಬೆದರಿದರೆ ಜಿಗಿಯಲು ಇನ್ನೊಂದು ಪಕ್ಕ ಖಾಲಿ ಇರುತ್ತದೆ. ಮೊದಲು ಎದೆಪಟ್ಟಿ ಹಾಕಿ ಅದಕ್ಕೆ ಇದನ್ನು ಸೇರಿಸಿ, ಪಟ್ಟಿ ಹಿಂದಕ್ಕೆ ಜಾರಿ ಹಿಂಗಾಲ ಮುಂದಿನ ಮೆದು ಹೊಟ್ಟೆಗೆ ಹೋದರೆ ಯಾವ ಸಾಧು ಕುದುರೆಯೂ ಕುಣಿಯುತ್ತದೆ. ಎಷ್ಟು ಬಿಗಿ? ಇಲ್ಲಿ ಎರಡು ತಪ್ಪು ಇವೆ. ಒಂದೇ ಎಳೆತಕ್ಕೆ ಪೂರ್ತಿ ಬಿಗಿಯುವುದು ಎಲ್ಲರಿಗೂ ಗೊತ್ತಿರುವ ತಪ್ಪು. ದಯೆಯಿಂದ ತೀರಾ ಸಡಿಲ ಬಿಡುವುದು ಅದಕ್ಕಿಂತ ಕೆಟ್ಟದ್ದು. ಸಡಿಲ ಪಟ್ಟಿಯಲ್ಲಿ ಜೀನು ಉರುಳಿ ಹೊಟ್ಟೆಯ ಕೆಳಗೆ ತೂಗಾಡಿದರೆ ಆ ಕುದುರೆ ಮುಂದೆ ಜೀನಿನ ಹತ್ತಿರ ಬರಲು ತಿಂಗಳು ಹಿಡಿಯುತ್ತದೆ. ಮೊದಲ ತೂತಿಗೆ ಹಾಕಿ, ನಾಲ್ಕು ಹೆಜ್ಜೆ ನಡೆಸಿ, ಎರಡನೇ ತೂತು, ಮತ್ತೆ ನಡಿಗೆ, ಮೂರನೇ ತೂತು. ಅಂಗೈ ಚಪ್ಪಟೆಯಾಗಿ ಒಳಗೆ ತೂರಬೇಕು, ಮುಷ್ಟಿ ತೂರಬಾರದು. ಪ್ರತಿ ತೂತಿನ ನಡುವೆ ಬಾಲದ ಬುಡ, ಗದ್ದ, ಕಣ್ಣು ನೋಡುತ್ತಿರಿ. ಮೂರನೇ ತೂತಿಗೆ ಗದ್ದ ಗಟ್ಟಿಯಾಯಿತೇ? ಎರಡಕ್ಕೆ ವಾಪಸ್.

ಪಟ್ಟಿಯಲ್ಲಿ ಎರಡು ದಿನ ನಡಿಗೆ, ಟ್ರಾಟ್ ಆದ ಮೇಲೆ ಜೀನು. ಸವಾರ ಪಾದ ಇಡುವ ರಿಕಾಪುಗಳನ್ನು ತೆಗೆದಿಡಿ. ಈ ಕುದುರೆಗಳ ಬೆನ್ನು ಗಿಡ್ಡ, ಹೆಗಲು ಅಗಲ, ಪಕ್ಕೆ ಪೀಪಾಯಿಯಂತೆ ದುಂಡು. ಉದ್ದ ಜೀನಿನ ಹಿಂಭಾಗ ಕೊನೆಯ ಪಕ್ಕೆಲುಬು ದಾಟಿ ಸೊಂಟಕ್ಕೆ ಒತ್ತುತ್ತದೆ, ಇಕ್ಕಟ್ಟಿನ ಜೀನು ಹೆಗಲ ಮೂಳೆ ಹಿಡಿಯುತ್ತದೆ. ಎರಡೂ ಸಂದರ್ಭದಲ್ಲಿ ಕುದುರೆ ಬೆನ್ನು ತಗ್ಗಿಸಿ ಗಿಡ್ಡ ಹೆಜ್ಜೆ ಹಾಕುತ್ತದೆ, ನೋಡಿದವರು ಮುಂಗಾಲಿನ ಎತ್ತರ ಕಂಡು ಚೆಂದ ಅನ್ನುತ್ತಾರೆ. ರಿಕಾಪುಗಳನ್ನು ನಂತರ ಸೇರಿಸಿ, ಮೊದಲು ಮೇಲೆ ಕಟ್ಟಿ, ಆಮೇಲೆ ಇಳಿಬಿಟ್ಟು ಪಕ್ಕೆಗೆ ತಾಗಲು ಬಿಡಿ.

ಉದ್ದ ಲಗಾಮಿನ ಕೆಲಸ ಎರಡು ವಾರ. ಹಿಂದೆ ನಡೆಯುತ್ತಾ ತಿರುಗಿಸುವುದು, ನಿಲ್ಲಿಸುವುದು. ಮೊದಲು ಕ್ಯಾವೆಸನ್ನಿನ ಪಕ್ಕದ ಉಂಗುರಗಳಿಂದ, ಕಡಿವಾಣ ಬಾಯಲ್ಲಿ ಸುಮ್ಮನೆ ಇರುತ್ತದೆ. ಪಕ್ಕೆಗೆ ಹಗ್ಗ ಸೋಕುವುದು ಒಗ್ಗಿದರೆ ಸವಾರನ ಕಾಲು ಹೊಸದೆನಿಸುವುದಿಲ್ಲ. ನೇರ ಹಿಂದೆ ನಡೆಯಬೇಡಿ, ಅದು ಕುದುರೆಗೆ ಕಾಣದ ಜಾಗ. ಒಂದು ಪಕ್ಕಕ್ಕೆ, ಒದೆಗೆ ಸಿಗದ ದೂರದಲ್ಲಿ ಇರಿ.

ಹತ್ತುವ ದಿನ ಅಂತ ಒಂದೇ ದಿನ ಇರುವುದಿಲ್ಲ, ಅದು ಒಂದು ವಾರ. 50–60 ಸೆಂ.ಮೀ. ಎತ್ತರದ ಗಟ್ಟಿ ಮೆಟ್ಟಿಲು ಬೇಕು. ಮೊದಲು ಅದರ ಮೇಲೆ ಸುಮ್ಮನೆ ನಿಂತು ಕೆರೆಯುವುದು. ಪಕ್ಕದಲ್ಲಿದ್ದ ಮನುಷ್ಯ ಈಗ ತಲೆಯ ಮೇಲೆ ಕಾಣುತ್ತಾನೆ, ಇದೊಂದೇ ಸಾಕು ಕೆಲವಕ್ಕೆ. ಆಮೇಲೆ ಜೀನಿನ ಮೇಲೆ ಮೊಣಕೈ ಊರಿ ಆಚೆ ಪಕ್ಕೆ ಸವರುವುದು. ನಂತರ ಜೀನಿನ ಮೇಲೆ ಹೊಟ್ಟೆ ಊರಿ ಅಡ್ಡ ಬೀಳುವುದು: ಮೂರು ಸೆಕೆಂಡ್, ಜಾರಿ ಇಳಿ. ಕಾಲು ರಿಕಾಪಿನಲ್ಲಿ ಇರಬಾರದು, ಬೆದರಿದರೆ ಚೀಲದಂತೆ ಜಾರಿಬಿಡಬಹುದು. ಎಡದಿಂದ ಐದು ಸಲ, ಬಲದಿಂದ ಐದು ಸಲ. ಅಡ್ಡ ಬಿದ್ದವರ ಕೈ ಆಚೆ ಪಕ್ಕೆ, ಪೃಷ್ಠ ಸವರುತ್ತಿರಲಿ. ಮುಂದೆ ಕಾಲು ದಾಟಿಸುವಾಗ ಸೋಕುವ ಜಾಗ ಅದು.

ಅಡ್ಡ ಬಿದ್ದಿರುವಾಗಲೇ ಮೊದಲ ಹೆಜ್ಜೆ ಹಾಕಿಸಬೇಕು, ನೇರ ಮುಂದಕ್ಕಲ್ಲ, ಪಕ್ಕಕ್ಕೆ. ಬೆನ್ನಿನ ಮೇಲೆ ಭಾರ ಹೊತ್ತ ಕುದುರೆಗೆ ತನ್ನ ಸಮತೋಲವೇ ಅಪರಿಚಿತ. ಕಾಲು ಅಗಲಿಸಿ ಊರಿಕೊಂಡಿರುತ್ತದೆ. ಮುಂಗಾಲು ಅಡ್ಡ ಇಟ್ಟರೆ ಆ ಬೇರು ಸಡಿಲಾಗುತ್ತದೆ. ನೆಲದ ಮೇಲಿರುವವರು ತಲೆಯ ಎದುರು ನಿಲ್ಲಬಾರದು, ಸವಾರ ಹತ್ತುತ್ತಿರುವ ಪಕ್ಕದಲ್ಲೇ, ಹೆಗಲಿನ ಮಟ್ಟದಲ್ಲಿ ನಿಲ್ಲಬೇಕು.

ಕಾಲು ದಾಟಿಸುವಾಗ ಮೈ ಕತ್ತಿನ ಹತ್ತಿರ ಬಾಗಿರಲಿ. ಕೂತ ಮೇಲೂ ಒಮ್ಮೆಲೇ ನೆಟ್ಟಗಾಗಬೇಡಿ. ಎರಡು ಕಣ್ಣಿಗೂ ಒಟ್ಟಿಗೆ ಕಾಣುವ ಎತ್ತರದ ಆಕೃತಿ ಅಂದರೆ ಕುದುರೆಗೆ ಬೇರೆಯೇ ಅರ್ಥ. ಕೆರೆಯುತ್ತಾ, ಉಸಿರು ಬಿಡುತ್ತಾ, ಗೇಣು ಗೇಣಾಗಿ ಏಳಿ. ಮೊದಲ ಸಲ ಒಂದು ನಿಮಿಷ ಕೂಡ ಬೇಡ. ಇನ್ನು ಇಳಿಯುವುದು. ಅವಘಡ ಅಲ್ಲಿ ಕಾದಿರುತ್ತದೆ, ಯಾಕೆಂದರೆ ಎಲ್ಲರೂ ಮುಗಿಯಿತು ಅಂದುಕೊಂಡಿರುತ್ತಾರೆ. ಎರಡೂ ಪಾದ ರಿಕಾಪಿನಿಂದ ಹೊರಗೆ, ಮೈ ಮುಂದಕ್ಕೆ, ಕಾಲು ಪೃಷ್ಠಕ್ಕೆ ತಾಗದಂತೆ ಎತ್ತಿ, ಮೆಲ್ಲಗೆ ಜಾರುವುದು. ಹಾರಿ ಧೊಪ್ಪೆಂದು ನಿಲ್ಲಬಾರದು.

ಕಾಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. ಸೂಕ್ಷ್ಮ ಕುದುರೆ ಅಂತ ಸವಾರ ಕಾಲನ್ನು ಪಕ್ಕೆಯಿಂದ ದೂರ ಹಿಡಿಯುತ್ತಾನೆ. ಆಗ ಪ್ರತಿ ಸಲ ತಾಗಿದಾಗಲೂ ಅದು ಸಿಡಿಲು. ಕಾಲು ಒದ್ದೆ ಬಟ್ಟೆಯಂತೆ ಇಳಿಬಿದ್ದು ಪಕ್ಕೆಗೆ ಹಗುರಾಗಿ ತಾಗಿಕೊಂಡೇ ಇರಬೇಕು, ಹಿಂಡಬಾರದು. ಹೊರಡುವ ಸನ್ನೆ ಕಲಿಸುವ ಕ್ರಮ ಹೀಗೆ: ಮೊದಲು ಮೀನಖಂಡ ಕೂದಲೆಳೆಯಷ್ಟು ಒತ್ತುತ್ತದೆ, ಅರ್ಧ ಸೆಕೆಂಡಿನ ಮೇಲೆ ನೆಲದವರು ಲಂಜ್‌ನಲ್ಲಿ ಕಲಿಸಿದ ಮಾತು ಹೇಳುತ್ತಾರೆ, ಹೆಜ್ಜೆ ಎತ್ತಿದ ಕ್ಷಣ ಕಾಲು ಸಡಿಲ. ಹೊಸದು ಮೊದಲು, ಗೊತ್ತಿರುವುದು ಆಮೇಲೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಕುದುರೆ ಮಾತನ್ನೇ ಕೇಳುತ್ತದೆ, ಕಾಲನ್ನು ಕಲಿಯುವುದಿಲ್ಲ. ಇಪ್ಪತ್ತು ಮೂವತ್ತು ಸಲಕ್ಕೆ ಮಾತು ಬರುವ ಮೊದಲೇ ಹೊರಡುತ್ತದೆ. ಅಲ್ಲಿಂದ ಮಾತು ಬಿಡಬಹುದು. ನಿಲ್ಲಿಸುವುದಕ್ಕೂ ಇದೇ ಕ್ರಮ: ಉಸಿರು ಬಿಟ್ಟು ನಡು ಭಾರವಾಗುತ್ತದೆ, ಮಾತು, ಕೊನೆಗೆ ಕ್ಯಾವೆಸನ್ನಿನ ಲಗಾಮು.

ಕಾಲು ಮತ್ತು ಕೈ ಎಂದೂ ಒಟ್ಟಿಗೆ ಬರಬಾರದು. ಹೋಗು ಅಂತ ಕಾಲು, ನಿಲ್ಲು ಅಂತ ಕೈ. ಒರಟು ಚರ್ಮದ ಕುದುರೆ ಇದರಲ್ಲಿ ಒಂದನ್ನು ಕಡೆಗಣಿಸಿ ಬದುಕುತ್ತದೆ. ಇದು ಎರಡನ್ನೂ ಕೇಳಿಸಿಕೊಳ್ಳುತ್ತದೆ, ಹಿಂಗಾಲ ಮೇಲೆ ಕೂರುವ ಶಕ್ತಿ ಹುಟ್ಟಿನಿಂದಲೇ ಇದೆ, ಉಳಿದ ದಾರಿ ಮೇಲಕ್ಕೆ. ಎದ್ದು ನಿಲ್ಲುವ ಚಟದ ಮೂಲ ಹುಡುಕಿದರೆ ಹೆಚ್ಚಾಗಿ ಇದೇ ಸಿಗುತ್ತದೆ.

ಈ ತಳಿಯ ದೊಡ್ಡ ಬಲೆ ಅದರ ಪ್ರತಿಭೆಯೇ. ಸವಾರನನ್ನು ಹೊತ್ತ ಮೂರನೇ ವಾರದಲ್ಲಿ, ಏನೋ ಕಂಡು ಬೆದರಿದಾಗ, ನಿಂತಲ್ಲೇ ಹೆಜ್ಜೆ ಹಾಕುತ್ತದೆ, ಕತ್ತು ಕಮಾನು, ಮೊಣಕಾಲು ಎತ್ತರ. ನೋಡಿದವರು "ಪಿಯಾಫ್ ಹುಟ್ಟಿಗೇ ಬಂದಿದೆ" ಅಂತ ಫೋಟೋ ತೆಗೆಯುತ್ತಾರೆ; ಪಿಯಾಫ್ ಅಂದರೆ ನಿಂತಲ್ಲೇ ಟ್ರಾಟ್ ಹೆಜ್ಜೆ ಹಾಕುವ ಸವಾರಿ ಶಾಲೆಯ ಕಲೆ. ಹಿಂಗಾಲು ನೋಡಿ: ಹೊಟ್ಟೆಯ ಕೆಳಗೆ ಬಂದಿರುವುದಿಲ್ಲ, ಹಿಂದೆಯೇ ಕುಟ್ಟುತ್ತಿರುತ್ತವೆ, ಬೆನ್ನು ತಗ್ಗಿದೆ, ಬಾಲ ಸುತ್ತುತ್ತಿದೆ. ಅದು ಓಡಲಾಗದ ಭಯ ಕಾಲಿಗಿಳಿದದ್ದು. ಅದನ್ನು ಮೆಚ್ಚಿ ಕೆರೆದರೆ ಎರಡೇ ದಿನದಲ್ಲಿ ಕಲಿತುಬಿಡುತ್ತದೆ, ಆಮೇಲೆ ನೇರ ನಡಿಗೆಯೇ ಸಿಗುವುದಿಲ್ಲ. ಕತ್ತಿನದೂ ಇಂಥದ್ದೇ ಮೋಸ. ತುದಿಯಲ್ಲಿ ಬಾಗುವ ಬದಲು ಕಿವಿಯಿಂದ ಒಂದು ಗೇಣು ಹಿಂದೆ ಮುರಿದಂತೆ ಬಾಗಿ ಗದ್ದ ಎದೆಗೆ ಬರುತ್ತದೆ, ಕೈಯಲ್ಲಿ ಭಾರವೇ ಇರುವುದಿಲ್ಲ. ಹಗುರ ಕುದುರೆ ಅಂತ ಹಿಗ್ಗಬೇಡಿ, ಅದು ಕಡಿವಾಣದಿಂದ ಅಡಗಿಕೊಂಡಿದೆ. ಎರಡಕ್ಕೂ ಮದ್ದು ಒಂದೇ: ಕೈ ಮುಂದಕ್ಕೆ ಕೊಟ್ಟು, ಅಂಗಳ ಬಿಟ್ಟು, ಮುಂದೆ ಒಂದು ಅನುಭವಸ್ಥ ಕುದುರೆ ಇಟ್ಟುಕೊಂಡು ಮರಗಳ ನಡುವೆ ಉದ್ದ ನಡಿಗೆ.

ಟ್ರಾಟಿನಲ್ಲಿ ಸವಾರ ಬೆನ್ನಿಗೆ ಕುಕ್ಕದೆ ರಿಕಾಪಿನ ಮೇಲೆ ಹಗುರಾಗಿರಲಿ. ಆರಂಭದಲ್ಲಿ ಐದು ನಿಮಿಷ, ಬಹುಪಾಲು ನೇರ ಗೆರೆ. ಕ್ಯಾಂಟರ್‌ಗೆ, ಅಂದರೆ ಟ್ರಾಟಿಗಿಂತ ವೇಗದ ನೆಗೆತದ ಓಟಕ್ಕೆ, ಹತ್ತು ವಾರವಾದರೂ ಕಾಯಿರಿ. ಬಯಲಿನ ಸಣ್ಣ ಏರಿನಲ್ಲಿ ತಾನಾಗಿ ಬಂದರೆ ಚೆನ್ನ, ಚಿಕ್ಕ ಸುತ್ತಿನಲ್ಲಿ ಒತ್ತಾಯಿಸಿದರೆ ಕಾಲು ತೊಡರುತ್ತದೆ, ಹೆದರುತ್ತದೆ.

ಹನ್ನೆರಡು ವಾರ ಮುಗಿದ ಮೇಲೆ ಎರಡು ತಿಂಗಳು ಹುಲ್ಲುಗಾವಲಿಗೆ ಬಿಟ್ಟುಬಿಡಿ. ವಾಪಸ್ ತಂದಾಗ ಸೀದಾ ಹತ್ತಬೇಡಿ: ಹಗ್ಗ, ಪಟ್ಟಿ, ಜೀನು, ಅಡ್ಡ ಬೀಳುವುದು, ಎಲ್ಲವನ್ನೂ ಮೊದಲಿನಿಂದ ಮಾಡಿ. ಈ ಸಲ ಮೂರು ನಾಲ್ಕು ದಿನ ಸಾಕು. ಪಟ್ಟಿಯ ಮೂರನೇ ತೂತಿಗೆ ಗದ್ದ ಮತ್ತೆ ಗಟ್ಟಿಯಾದರೆ ಕುದುರೆಯನ್ನು ದೂರುವ ಮೊದಲು ಜೀನು ತೆಗೆದು ಅಂಗೈ ಹಾಯಿಸಿ ನೋಡಿ. ಅಷ್ಟು ದಿನದಲ್ಲಿ ಹೆಗಲು ಎರಡು ಬೆರಳು ಅಗಲವಾಗಿರಬಹುದು, ಹಿಂದೆ ಸರಿಹೋಗಿದ್ದ ಜೀನು ಈಗ ಹಿಡಿಯುತ್ತಿರಬಹುದು.